ಯಾರ ಬಾಗಿಲಲ್ಲಿ ಯಾರ ಗುರುತು?

ಪಿಯುಸಿ ಫಲಿತಾಂಶ ಬಂದು ಸಿಇಟಿ ಕೌನ್ಸೆಲಿಂಗ್ ಹತ್ತಿರವಾಗುವ ಹೊತ್ತಿಗೆ ಹಾಸನದ ಸೈಬರ್ ಸೆಂಟರುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅಂಗಡಿ ಇನ್ನೂ ಚಿಕ್ಕದು, ಸಾಲು ಮಾತ್ರ ಅಷ್ಟೇ ಉದ್ದ. ಎದೆಗೆ ಪ್ಲಾಸ್ಟಿಕ್ ಫೈಲು ಅವಚಿಕೊಂಡ ಮಗಳು, ಪಕ್ಕದಲ್ಲಿ ಹೊಲದ ಕೆಲಸ ಬಿಟ್ಟು ಬಂದ ಅಪ್ಪ. ಕಂಪ್ಯೂಟರ್ ಮುಂದೆ ಕೂತ ಹುಡುಗ ತಲೆಯೆತ್ತದೆ ಕೇಳುತ್ತಾನೆ: ‘ಒಟಿಪಿ ಬಂತಾಣ್ಣ? ಬೇಗ ಹೇಳಿ, ಟೈಮ್ ಆಗೋಗುತ್ತೆ.’ ಅಪ್ಪ ಕನ್ನಡಕ ಹುಡುಕಿ ಆರು ಅಂಕಿ ಓದುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬರುತ್ತದೆ. ಆಮೇಲೆ ಮತ್ತೊಂದು. ಮೂರನೆಯದಕ್ಕೆ ಅವರ ಸಹನೆ ಮುಗಿಯುತ್ತದೆ. ‘ಸರ್ಕಾರ ಒಂದೇ ತಾನೆ? ನನ್ನ ಮಗಳು ಯಾರೂಂತ ಎಷ್ಟು ಸಾರಿ ಹೇಳಬೇಕಪ್ಪ?’

ನ್ಯಾಯವಾದ ಪ್ರಶ್ನೆ. ಆದರೆ ಸರ್ಕಾರ ಒಂದೇ ಇರಬಹುದು, ಕಂಪ್ಯೂಟರ್ ಒಂದೇ ಅಲ್ಲ. ಆಧಾರ್ ಇರುವುದು ಕೇಂದ್ರದ ಯುಐಡಿಎಐ ಬಳಿ. ಜಾತಿ, ಆದಾಯದ ಪ್ರಮಾಣಪತ್ರ ಕಂದಾಯ ಇಲಾಖೆಯ ನಾಡಕಚೇರಿಯದು. ಶಾಲೆಯ ದಾಖಲೆ ಶಿಕ್ಷಣ ಇಲಾಖೆಯ ‘ಸ್ಯಾಟ್ಸ್’ನಲ್ಲಿದೆ. ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಬೇರೆಯೇ ತಾಣ. ಪದವಿಗೆ ಸೇರಿದರೆ ಯುಯುಸಿಎಂಎಸ್ ಎಂಬ ಇನ್ನೊಂದು. ಅಂತರಜಾಲದಲ್ಲಿ ಪ್ರತಿಯೊಂದಕ್ಕೂ ತನ್ನದೇ ವಿಳಾಸವಿದೆ; ಅದಕ್ಕೆ ಡೊಮೇನ್ ಎನ್ನುತ್ತಾರೆ. ಒಂದೇ ಬೀದಿಯ ಮನೆಗಳಾದರೂ ಅಡುಗೆ ಬೇರೆ, ಬೀಗ ಬೇರೆ.

ಈ ಮನೆಗಳಿಗೆ ಮುಂಬಾಗಿಲಿನ ಜೊತೆಗೆ ಹಿತ್ತಲಲ್ಲೊಂದು ಕಿಟಕಿಯೂ ಇದೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹೊಡೆದ ಕೂಡಲೇ ಹೆಸರು, ಜಾತಿ ತಾವಾಗಿ ಮೂಡುವುದನ್ನು ನೋಡಿದ್ದೀರಿ. ಒಂದು ಇಲಾಖೆಯ ಕಂಪ್ಯೂಟರ್ ಇನ್ನೊಂದರ ಹಿತ್ತಲ ಕಿಟಕಿಗೆ ಹೋಗಿ, ‘ಈ ಸಂಖ್ಯೆಯ ಕಾಗದ ನಿಮ್ಮದೇನಾ? ಅದರಲ್ಲಿ ಏನಿದೆ?’ ಎಂದು ಕೇಳಿ ತಂದದ್ದು ಅದು. ಈ ಕಿಟಕಿಗೆ ಕಂಪ್ಯೂಟರ್ ಮಂದಿಯ ಹೆಸರು ‘ಎಪಿಐ’. ಕಿಟಕಿಯಲ್ಲಿ ಕೂತವನ ಕಷ್ಟ ಎರಡು. ಕೇಳಲು ಬಂದಿರುವುದು ನಿಜವಾಗಿ ಆ ಇಲಾಖೆಯೇ ಎಂಬುದು ಮೊದಲನೆಯದು. ಯಾರ ಕಾಗದವನ್ನು ಕೇಳುತ್ತಿದೆಯೋ ಅವರ ಒಪ್ಪಿಗೆ ಇದೆಯೇ ಎಂಬುದು ಎರಡನೆಯದು. ಒಂದು ಡೊಮೇನಿನಲ್ಲಿ ಸಾಬೀತಾದ ಗುರುತನ್ನು ಇನ್ನೊಂದು ಡೊಮೇನು ನಂಬುವುದು ಹೇಗೆ ಎನ್ನುವುದೇ ಈ ವಾರದ ವಿಷಯ.

ಇದು ಕಂಪ್ಯೂಟರಿನ ಜೊತೆ ಹುಟ್ಟಿದ ಸಮಸ್ಯೆಯೇನಲ್ಲ. ಇಂದಿನ ತಂದೆತಾಯಂದಿರು ಕಾಲೇಜು ಸೇರಿದ ಕಾಲವನ್ನು ನೆನಪಿಸಿಕೊಳ್ಳಲಿ. ಅಂಕಪಟ್ಟಿಯ ಟೈಪು ಮಾಡಿದ ನಕಲನ್ನೋ ಜೆರಾಕ್ಸನ್ನೋ ಹಿಡಿದು ಗೆಜೆಟೆಡ್ ಅಧಿಕಾರಿಯ ಮನೆ ಬಾಗಿಲಲ್ಲಿ ಕಾಯಬೇಕಿತ್ತು. ಅವರು ಮೂಲ ಪ್ರತಿ ನೋಡಿ, ಹಸಿರು ಶಾಯಿಯಲ್ಲಿ ಸಹಿ ಹಾಕಿ, ಮೊಹರು ಒತ್ತಿದರೆ ಹಾಸನದ ಕಾಲೇಜಿನ ಗುಮಾಸ್ತರು ನಂಬುತ್ತಿದ್ದರು. ಗುಮಾಸ್ತರಿಗೆ ನಿಮ್ಮ ಊರಿನ ಶಾಲೆಯ ಪರಿಚಯವಿಲ್ಲ, ಹೆಡ್‌ಮಾಸ್ಟರರ ಸಹಿಯ ಪರಿಚಯವೂ ಇಲ್ಲ. ನಂಬಿದ್ದು ಮಧ್ಯದ ಮೊಹರನ್ನು. ಬೇರೆ ಜಿಲ್ಲೆಗೆ ಹೋಗುವವರ ಟಿ.ಸಿ.ಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಿದ್ದುದೂ ಇದೇ ಕಾರಣಕ್ಕೆ. ಇಬ್ಬರೂ ನಂಬುವ ಮೂರನೆಯವನೊಬ್ಬ ಬೇಕು. ಇವತ್ತು ಆ ಮೂರನೆಯವನ ಜಾಗದಲ್ಲಿ ಗಣಿತ ಕೂತಿದೆ, ಅಷ್ಟೆ.

ಮುಂದೆ ಹೋಗುವ ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ಆಧಾರಿನ 12 ಅಂಕಿ, ಸ್ಯಾಟ್ಸ್ ಸಂಖ್ಯೆ, ಆರ್‌ಡಿ ಸಂಖ್ಯೆ ಇವೆಲ್ಲ ಹೆಸರುಗಳು, ಬೀಗದ ಕೈಗಳಲ್ಲ. ಹೆಸರು ನಾಲ್ಕು ಜನಕ್ಕೆ ಗೊತ್ತಾಗುವುದಕ್ಕೇ ಇರುವುದು. ಜೆರಾಕ್ಸ್ ಅಂಗಡಿಯ ಕಸದ ಬುಟ್ಟಿಯಲ್ಲೂ ಅದು ಸಿಕ್ಕೀತು. ಹಾಗಾಗಿ ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಅವಳೇ ಇವಳು ಎಂದು ಯಾವ ತಾಣವೂ ಒಪ್ಪಬಾರದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಟಿಕೆಟ್ಟು ಪಡೆಯುತ್ತಿದ್ದಾರಲ್ಲ, ಅಲ್ಲಿ ಕಂಡಕ್ಟರ್ ಚೀಟಿಯ ಮುಖವನ್ನೂ ಎದುರಿಗಿರುವ ಮುಖವನ್ನೂ ಹೋಲಿಸಿ ನೋಡಬಲ್ಲರು. ತಾಣಕ್ಕೆ ಆ ಕಣ್ಣಿಲ್ಲ. ಅದಕ್ಕೇ ಅದು ನಿಮ್ಮ ಬಳಿ ಮಾತ್ರ ಇರುವ ಏನನ್ನಾದರೂ ಕೇಳುತ್ತದೆ. ನೆನಪಿನಲ್ಲಿರುವ ಪಾಸ್‌ವರ್ಡ್, ಇಲ್ಲವೇ ಜೇಬಿನಲ್ಲಿರುವ ಫೋನಿಗೆ ಬರುವ ಒಟಿಪಿ, ಇಲ್ಲವೇ ಬೆರಳು. ಹೆಸರು ಹೇಳುವುದು ಒಂದು, ಅದು ನಾನೇ ಎಂದು ತೋರಿಸುವುದು ಇನ್ನೊಂದು, ತೋರಿಸಿದ ಮೇಲೆ ಯಾವ ಕೋಣೆಯವರೆಗೆ ಹೋಗಬಹುದು ಎಂಬುದು ಮತ್ತೊಂದು. ಈ ಮೂರನ್ನು ಕಲಸಿಬಿಟ್ಟಾಗಲೇ ಅನಾಹುತಗಳಾಗುವುದು. ಒಂದೆರಡು ಉದಾಹರಣೆ ಮುಂದೆ ಬರುತ್ತವೆ.

ಇನ್ನು ಎರಡು ತಾಣಗಳ ನಡುವಿನ ಮಾತು. ಇದಕ್ಕೊಂದು ಸೋಮಾರಿ ದಾರಿಯಿತ್ತು. 2006-07ರ ಸುಮಾರಿಗೆ ಅಮೆರಿಕದ ಹಲವು ತಾಣಗಳು, ‘ನಿಮ್ಮ ಸ್ನೇಹಿತರನ್ನು ಹುಡುಕಿ ಕೊಡುತ್ತೇವೆ, ನಿಮ್ಮ ಇ-ಮೇಲಿನ ಪಾಸ್‌ವರ್ಡ್ ಕೊಡಿ’ ಎಂದು ರಾಜಾರೋಷವಾಗಿ ಕೇಳುತ್ತಿದ್ದವು. ಜನ ಕೊಡುತ್ತಲೂ ಇದ್ದರು. ಪಕ್ಕದ ಮನೆಯಿಂದ ಒಂದು ಬಿಂದಿಗೆ ತರಿಸಲು ಮನೆಯ ಬೀಗದ ಕೈ ಗೊಂಚಲನ್ನೇ ಕೊಟ್ಟು ಕಳಿಸಿದ ಹಾಗೆ. ಬಿಂದಿಗೆ ತಂದವನು ಪೆಟ್ಟಿಗೆಯನ್ನೂ ತೆರೆಯಬಹುದು. ಕೈ ವಾಪಸು ಪಡೆಯಬೇಕೆಂದರೆ ಬೀಗವನ್ನೇ ಬದಲಾಯಿಸಬೇಕು. ಇದಕ್ಕೆ ಮದ್ದಾಗಿ 2007ರಲ್ಲಿ ‘ಓಆಥ್’ ಎಂಬ ಒಡಂಬಡಿಕೆ ಬಂತು. ಅದರ ಎರಡನೇ ಆವೃತ್ತಿ 2012ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 6749 ಎಂಬ ಹೆಸರಿನಲ್ಲಿ ಪ್ರಕಟವಾಯಿತು. ‘ಗೂಗಲ್ ಮೂಲಕ ಒಳಬನ್ನಿ’ ಎಂಬ ಗುಂಡಿಯ ಹಿಂದಿರುವುದು ಅದೇ. 2015ರ ಜುಲೈ 1ರಂದು ಆರಂಭವಾದ ನಮ್ಮ ಡಿಜಿಲಾಕರ್ ಬೇರೆ ತಾಣಗಳಿಗೆ ನಿಮ್ಮ ಅಂಕಪಟ್ಟಿಯನ್ನು ಕೊಡುವಾಗ ಅನುಸರಿಸುವುದೂ ಅದನ್ನೇ.

ಒಂದು ಕಾಲೇಜಿನ ತಾಣ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಡಿಜಿಲಾಕರಿನಿಂದ ತರಿಸಿಕೊಳ್ಳಬೇಕು ಎಂದುಕೊಳ್ಳಿ. ಗುಂಡಿ ಒತ್ತಿದ ಕೂಡಲೇ ಆ ತಾಣ ನಿಮ್ಮನ್ನು ತನ್ನ ಮನೆಯಿಂದ ಹೊರಗೆ ಕಳಿಸುತ್ತದೆ. ಬ್ರೌಸರಿನ ನೆತ್ತಿಯ ಮೇಲಿನ ವಿಳಾಸ ಬದಲಾಗುತ್ತದೆ. ಈಗ ನೀವು ಡಿಜಿಲಾಕರಿನದೇ ಬಾಗಿಲಲ್ಲಿ ನಿಂತಿದ್ದೀರಿ. ಅಲ್ಲಿ ಮೊಬೈಲ್ ಸಂಖ್ಯೆ, ಒಟಿಪಿ, ಆರಂಕಿಯ ಪಿನ್ ಕೊಟ್ಟು ಒಳಗೆ ಹೋಗುತ್ತೀರಿ. ಕಾಲೇಜಿನ ತಾಣ ಇದ್ಯಾವುದನ್ನೂ ನೋಡಲಿಲ್ಲ. ನೋಡಬಾರದು, ಅದೇ ಇದರ ಮರ್ಮ. ಆಮೇಲೆ ಡಿಜಿಲಾಕರ್ ಒಂದು ಪುಟ ತೋರಿಸುತ್ತದೆ: ಇಂಥವರು, ಇಂಥ ಕಾಗದಗಳನ್ನು, ಇಂಥ ಕಾರಣಕ್ಕೆ, ಇಂಥ ದಿನಾಂಕದವರೆಗೆ ಕೇಳುತ್ತಿದ್ದಾರೆ, ಕೊಡಲೇ? ನಮ್ಮಲ್ಲಿ ಬಹಳ ಮಂದಿ ಈ ಪುಟವನ್ನು ಓದುವುದಿಲ್ಲ. ಕೆಳಗಿನ ಗುಂಡಿ ಎಲ್ಲಿದೆ ಎಂದಷ್ಟೇ ಹುಡುಕುತ್ತೇವೆ. ಇಡೀ ವ್ಯವಹಾರದಲ್ಲಿ ನಿಮ್ಮ ಮಾತಿಗೆ ಬೆಲೆಯಿರುವ ಪುಟ ಇದೊಂದೇ. ಅಂಕಪಟ್ಟಿ ಬೇಕಾದವರು ಲಾಕರಿನಲ್ಲಿರುವ ಡ್ರೈವಿಂಗ್ ಲೈಸೆನ್ಸನ್ನೂ ಕೇಳುತ್ತಿದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ, ಆ ಚೌಕದ ಗುರುತು ತೆಗೆಯುವ ಹಕ್ಕೂ ಇದೆ.

ಒಪ್ಪಿಗೆ ಕೊಟ್ಟ ಮೇಲೆ ಡಿಜಿಲಾಕರ್ ನಿಮ್ಮನ್ನು ಕಾಲೇಜಿನ ತಾಣಕ್ಕೆ ವಾಪಸು ಕಳಿಸುತ್ತದೆ, ಕೈಯಲ್ಲೊಂದು ಚೀಟಿ ಕೊಟ್ಟು. ಇಲ್ಲೊಂದು ಜಾಣತನವಿದೆ. ಆ ಚೀಟಿಯಿಂದ ನೇರವಾಗಿ ಅಂಕಪಟ್ಟಿ ಸಿಗುವುದಿಲ್ಲ. ಯಾಕೆಂದರೆ ಚೀಟಿ ಬಂದಿರುವುದು ಬ್ರೌಸರಿನ ವಿಳಾಸ ಪಟ್ಟಿಯಲ್ಲಿ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಆ ವಿಳಾಸ ‘ಹಿಸ್ಟರಿ’ಯಲ್ಲಿ ಉಳಿಯುತ್ತದೆ, ಹಿಂದೆ ನಿಂತವರಿಗೂ ಕಾಣುತ್ತದೆ. ಆದ್ದರಿಂದ ಅದು ಕೆಲವೇ ನಿಮಿಷ ಬದುಕುವ, ಒಮ್ಮೆ ಮಾತ್ರ ಸಲ್ಲುವ ಚೀಟಿ. ಕಾಲೇಜಿನ ಸರ್ವರ್ ಅದನ್ನು ತೆಗೆದುಕೊಂಡು, ನಿಮ್ಮ ಬ್ರೌಸರಿಗೆ ಕಾಣದ ಹಾಗೆ ಹಿತ್ತಲ ಕಿಟಕಿಗೆ ಹೋಗಿ, ‘ಇದು ನನಗೆ ಬಂದ ಚೀಟಿ, ಇದು ನನ್ನ ಸ್ವಂತ ಗುಟ್ಟಿನ ಪದ’ ಎಂದು ಎರಡನ್ನೂ ತೋರಿಸುತ್ತದೆ. ಆಗ ಕೊಡುವುದು ನಿಜವಾದ ಟೋಕನ್. ಚೀಟಿ ಕದ್ದವನಿಗೆ ಕಾಲೇಜಿನ ಗುಟ್ಟು ಗೊತ್ತಿಲ್ಲ. ಹೀಗಾಗಿ ಚೀಟಿ ಅವನ ಕೈಯಲ್ಲಿ ಬರೀ ಕಾಗದ. ವಾಪಸು ಕಳಿಸುವ ವಿಳಾಸವನ್ನೂ ಮೊದಲೇ ಬರೆಸಿಟ್ಟಿರಬೇಕು. ದಾರಿಯಲ್ಲಿ ಯಾರೋ ‘ಇತ್ತ ಕಳಿಸಿ’ ಎಂದರೆ ಡಿಜಿಲಾಕರ್ ಕೇಳುವುದಿಲ್ಲ.

ಟೋಕನ್ ಎಂದರೇನೆಂದು ಹಾಸನದವರಿಗೆ ವಿವರಿಸುವುದು ಸುಲಭ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುತ್ತದೆ. ಈಚಿನ ವರ್ಷಗಳಲ್ಲಿ ಧರ್ಮದರ್ಶನದ ಸಾಲಿನ ಜೊತೆಗೆ 300 ಮತ್ತು 1000 ರೂಪಾಯಿಯ ಟಿಕೆಟ್ಟುಗಳನ್ನೂ ಕೊಟ್ಟಿದ್ದಾರೆ. ಟಿಕೆಟ್ ಕೊಡುವ ಕೌಂಟರ್ ಒಂದು ಕಡೆ, ನೋಡಿ ಒಳಗೆ ಬಿಡುವ ಗೇಟು ಇನ್ನೊಂದು ಕಡೆ. ಗೇಟಿನಲ್ಲಿರುವ ಪೇದೆ ಬಂದೋಬಸ್ತಿಗೆಂದು ಬೇರೆ ಜಿಲ್ಲೆಯಿಂದ ಬಂದವರಿರಬಹುದು. ನೀವು ಯಾರ ಮಗ, ಯಾವ ಊರು ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಪ್ರತಿ ಟಿಕೆಟ್ಟಿಗೂ ಕೌಂಟರಿಗೆ ಫೋನ್ ಮಾಡಿ ವಿಚಾರಿಸುತ್ತ ಕೂತರೆ ಸಾಲು ಎಲ್ಲಿಗೆ ಹೋಗಿ ನಿಂತೀತೋ! ಅವರು ನೋಡುವುದು ಕೊಟ್ಟದ್ದು ಆಡಳಿತದವರೇ ಹೌದೇ, ಅವಧಿ ಮುಗಿದಿಲ್ಲವೇ, ಈ ಗೇಟಿನದ್ದೇ, ಯಾವ ಸಾಲಿನದು ಎಂಬಿಷ್ಟನ್ನೇ. ತಾಣಗಳು ಬಳಸುವ ಟೋಕನಿನಲ್ಲಿ ಇವಿಷ್ಟೂ ಬರೆದಿರುತ್ತವೆ. ಅದರ ಒಂದು ಜನಪ್ರಿಯ ನಮೂನೆಯ ಹೆಸರು ಜೆಡಬ್ಲ್ಯುಟಿ, 2015ರಲ್ಲಿ ಗೊತ್ತುಪಡಿಸಿದ್ದು. ಕೆಳಗೆ ಮೊಹರಿನ ಬದಲು ಗಣಿತದ ಸಹಿ. ಒಳಗಿನ ಒಂದು ಅಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. 300ರ ಟಿಕೆಟ್ಟಿಗೆ ಪೆನ್ನಿನಲ್ಲಿ ಸೊನ್ನೆ ಸೇರಿಸುವ ಬುದ್ಧಿವಂತಿಕೆ ಇಲ್ಲಿ ನಡೆಯದು.

ಆದರೆ ಟಿಕೆಟ್ಟಿನ ದೌರ್ಬಲ್ಯ ಟೋಕನಿಗೂ ಇದೆ. ಯಾರ ಕೈಯಲ್ಲಿದೆಯೋ ಅವರದ್ದು. ನೀವು ಬೀಳಿಸಿಕೊಂಡದ್ದನ್ನು ಹಿಂದಿನವನು ಎತ್ತಿಕೊಂಡರೆ ಅವನೇ ಒಳಗೆ ಹೋಗುತ್ತಾನೆ. ಅದಕ್ಕೇ ಟೋಕನಿಗೆ ಆಯಸ್ಸು ಕಡಿಮೆ ಇಡುತ್ತಾರೆ. ಸೈಬರ್ ಸೆಂಟರಿನಲ್ಲಿ ಕೆಲಸ ಮುಗಿದ ಮೇಲೆ ಪುಟ ಮುಚ್ಚಿದರಷ್ಟೇ ಸಾಲದು, ‘ಲಾಗೌಟ್’ ಒತ್ತಿ ಎನ್ನುವುದೂ ಅದಕ್ಕೇ.

ಇಷ್ಟೆಲ್ಲ ಸುತ್ತುಬಳಸು ಯಾಕೆ, ಒಮ್ಮೆ ಒಂದು ತಾಣಕ್ಕೆ ಗುರುತು ಹೇಳಿದರೆ ಬ್ರೌಸರೇ ಅದನ್ನು ಉಳಿದವರಿಗೆ ಹೇಳಬಾರದೇ ಎಂದು ಕಂಪ್ಯೂಟರ್ ಓದುವ ಮಕ್ಕಳು ಕೇಳಬಹುದು. ಹೇಳಬಾರದೆಂದೇ ಬ್ರೌಸರಿನಲ್ಲಿ ಕಾಂಪೌಂಡು ಕಟ್ಟಿದ್ದಾರೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ‘ಕುಕೀ’ಯನ್ನು ತಂದರು. ತಾಣ ಒಂದು ಗುರುತಿನ ತುಣುಕನ್ನು ಬ್ರೌಸರಿನಲ್ಲಿ ಇಟ್ಟು, ಮುಂದಿನ ಸಲ ‘ಹಳೆಯ ಗಿರಾಕಿ’ ಎಂದು ಗುರುತು ಹಿಡಿಯುವ ಉಪಾಯ ಅದು. ಮರುವರ್ಷವೇ ಅದೇ ಕಂಪನಿ, ಒಂದು ತಾಣದ ಪುಟ ಇನ್ನೊಂದು ತಾಣದ ಪುಟವನ್ನು ಓದಬಾರದು ಎಂಬ ಕಟ್ಟಳೆ ತಂದಿತು. ಅದಿಲ್ಲದಿದ್ದರೆ ನೀವು ಒಂದು ಪುಟದಲ್ಲಿ ಬ್ಯಾಂಕಿನ ಲೆಕ್ಕ ತೆರೆದಿಟ್ಟು, ಇನ್ನೊಂದರಲ್ಲಿ ಸಿನಿಮಾ ಹಾಡಿನ ತಾಣ ನೋಡುವಾಗ, ಹಾಡಿನ ತಾಣ ನಿಮ್ಮ ಲೆಕ್ಕವನ್ನು ಓದಿಬಿಡುತ್ತಿತ್ತು. ನಿಜಕ್ಕೂ ಕೊಟ್ಟುತೆಗೆದುಕೊಳ್ಳುವುದು ಇರುವ ಎರಡು ತಾಣಗಳಿಗೆ ಈ ಕಾಂಪೌಂಡಿನಲ್ಲೊಂದು ತಟ್ಟಿ ಬಾಗಿಲು ಬೇಕಲ್ಲ. ಅದರ ಹೆಸರು ‘ಕೋರ್ಸ್’. ಇಂಥ ವಿಳಾಸದಿಂದ ಬಂದವರಿಗೆ ಮಾತ್ರ ಉತ್ತರ ತೋರಿಸು ಎಂದು ಕಿಟಕಿಯ ಒಡೆಯನೇ ಬ್ರೌಸರಿಗೆ ಹೇಳುವ ಪದ್ಧತಿ.

ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಮೊಸಳೆಹೊಸಹಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲೋ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುವವರು ಈ ತಟ್ಟಿ ಬಾಗಿಲಲ್ಲೇ ಮೊದಲು ಮುಗ್ಗರಿಸುವುದು. ಕೆಂಪು ಅಕ್ಷರದಲ್ಲಿ ದೋಷ ಬರುತ್ತದೆ, ಗಾಬರಿಯಾಗುತ್ತದೆ, ಯಾರೋ ಹೇಳಿದರೆಂದು ವಿಳಾಸದ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ‘ಎಲ್ಲರೂ ಬನ್ನಿ’ ಎಂದುಬಿಡುತ್ತಾರೆ. ಕುಕೀ ಸಮೇತ ಬಂದ ಕೋರಿಕೆಗೆ ಆ ನಕ್ಷತ್ರವನ್ನು ಬ್ರೌಸರ್ ಒಪ್ಪುವುದೇ ಇಲ್ಲ. ಅಷ್ಟರಮಟ್ಟಿಗೆ ಅದು ನಮಗಿಂತ ಎಚ್ಚರವಾಗಿದೆ. ಇನ್ನೊಂದು ಮಾತು: ಈ ಬಾಗಿಲು ತಡೆಯುವುದು ಬ್ರೌಸರನ್ನು ಮಾತ್ರ. ಬ್ರೌಸರೇ ಇಲ್ಲದೆ ನೇರವಾಗಿ ಕಿಟಕಿಗೆ ಬರುವವನಿಗೆ ಅದು ಲೆಕ್ಕಕ್ಕಿಲ್ಲ. ‘ಕೋರ್ಸ್’ ಹಾಕಿದ್ದೇನೆ, ಇನ್ನು ಭಯವಿಲ್ಲ ಎಂದು ಯಾರಾದರೂ ಹೇಳಿದರೆ ಅವರ ಪ್ರಾಜೆಕ್ಟಿಗೆ ಇನ್ನೊಮ್ಮೆ ವೈವಾ ಮಾಡಬೇಕು.

ಹೇಳಿದ್ದೆನಲ್ಲ, ಅನಾಹುತಗಳ ವಿಚಾರ. ಮೊದಲನೆಯದು ಬೆಂಗಳೂರಿನದು. ‘ಆಧಾರ್ ಇ-ಕೆವೈಸಿ’ ಎಂಬ ಆ್ಯಪ್ ಒಂದನ್ನು ತಯಾರಿಸಿದ್ದ ತಂತ್ರಜ್ಞನೊಬ್ಬನನ್ನು ಪೊಲೀಸರು 2017ರ ಆಗಸ್ಟಿನಲ್ಲಿ ಬಂಧಿಸಿದರು. ಆಧಾರಿನ ಕಿಟಕಿಗೆ ಹೋಗಲು ಆ ಆ್ಯಪಿಗೆ ಅನುಮತಿಯಿರಲಿಲ್ಲ. ಅನುಮತಿಯಿದ್ದದ್ದು ಆಸ್ಪತ್ರೆಗಳಿಗಾಗಿ ಎನ್‌ಐಸಿ ಮಾಡಿದ್ದ ಇ-ಹಾಸ್ಪಿಟಲ್ ವ್ಯವಸ್ಥೆಗೆ. ಆ್ಯಪು ಇ-ಹಾಸ್ಪಿಟಲಿನ ಬೆನ್ನೇರಿ ಹೋಗಿ ಮಾಹಿತಿ ತರುತ್ತಿತ್ತು ಎಂಬುದು ಆರೋಪ. ಗಮನಿಸಿ, ಇಲ್ಲಿ ಆಧಾರಿನ ಬಾಗಿಲನ್ನು ಯಾರೂ ಒಡೆಯಲಿಲ್ಲ. ಇ-ಹಾಸ್ಪಿಟಲ್ ತನ್ನ ಕಿಟಕಿಗೆ ಬಂದವನನ್ನು ‘ನೀನು ನಮ್ಮ ಆ್ಯಪೇ ಹೌದಾ?’ ಎಂದು ಗಟ್ಟಿಯಾಗಿ ಕೇಳಲಿಲ್ಲ. ಆಧಾರಿನವರು ನಂಬಿದ್ದು ಇ-ಹಾಸ್ಪಿಟಲನ್ನು. ಇ-ಹಾಸ್ಪಿಟಲ್ ನಂಬಿದ್ದು ಬಂದವರನ್ನೆಲ್ಲ. ನಂಬಿಕೆಯ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಉಳಿದವು ಎಷ್ಟು ದಪ್ಪವಿದ್ದರೇನು?

ಎರಡನೆಯದು ಇನ್ನೂ ಸೂಕ್ಷ್ಮ. ಡಿಜಿಲಾಕರಿಗೆ ಆಗ ಸುಮಾರು 3.8 ಕೋಟಿ ಬಳಕೆದಾರರಿದ್ದರು. 2020ರ ಮೇ ತಿಂಗಳಲ್ಲಿ ಭದ್ರತಾ ಸಂಶೋಧಕರು ಅದರಲ್ಲೊಂದು ದೋಷ ಕಂಡರು. ಒಟಿಪಿಯನ್ನು ಅದು ಸರಿಯಾಗಿಯೇ ಕೇಳುತ್ತಿತ್ತು, ಸರಿಯಾಗಿಯೇ ತಾಳೆ ನೋಡುತ್ತಿತ್ತು. ಆದರೆ ತಾಳೆಯಾದ ಒಟಿಪಿ ಯಾರದ್ದು ಎಂಬುದನ್ನು ಮುಂದಿನ ಹೆಜ್ಜೆಯಲ್ಲಿ ಮರೆತುಬಿಡುತ್ತಿತ್ತು. ಹೀಗಾಗಿ ಒಬ್ಬ ತನ್ನದೇ ಫೋನಿಗೆ ಬಂದ ಒಟಿಪಿಯನ್ನು ಹಾಕಿ ಪಾಸಾಗಿ, ನಡುವೆ ಹೆಸರು ಬದಲಾಯಿಸಿದರೆ ಇನ್ನೊಬ್ಬರ ಲೆಕ್ಕದೊಳಗೆ ಹೋಗಬಹುದಿತ್ತು. ರಾಮಣ್ಣನ ಬೆರಳಚ್ಚು ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿ, ಭೀಮಣ್ಣನ ಪೆಟ್ಟಿಗೆಯ ಬೀಗ ತೆಗೆದ ಹಾಗೆ. ದೋಷ ತಿಳಿದ ಮೇಲೆ ಕೆಲವೇ ದಿನಗಳಲ್ಲಿ ಸರಿಪಡಿಸಿದರು. ಈ ಕಥೆಯನ್ನು ಕಂಪ್ಯೂಟರ್ ಪಾಠದಲ್ಲಿ ಕಡ್ಡಾಯವಾಗಿ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಗುರುತು ಸಾಬೀತಾಗುವುದು ಬೇರೆ, ಆ ಗುರುತಿಗೆ ಸಲ್ಲುವುದನ್ನಷ್ಟೇ ಕೊಡುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಿದರೂ ಸಿಗದು.

ಇವೆಲ್ಲ ದೊಡ್ಡವರ ದೋಷಗಳು. ಅವನ್ನು ಅವರೇ ಸರಿಪಡಿಸಬೇಕು. ಆದರೆ ನಮ್ಮ ನಾಲ್ಕು ಊರುಗಳಲ್ಲಿ ಗುರುತು ಸೋರುವ ತೂತು ಬೇರೆ ಕಡೆ ಇದೆ. ಸಾಲು ಉದ್ದವಿದೆ, ಅಪ್ಪನ ಫೋನಿಗೆ ನೆಟ್‌ವರ್ಕ್ ಇಲ್ಲ, ಮಗಳಿಗೆ ಇ-ಮೇಲ್ ಇಲ್ಲ. ಕಂಪ್ಯೂಟರ್ ಮುಂದಿನ ಹುಡುಗ ಕೆಟ್ಟವನೇನಲ್ಲ. ಕೆಲಸ ಬೇಗ ಮುಗಿಯಲಿ ಎಂದು ತನ್ನದೇ ಮೊಬೈಲ್ ಸಂಖ್ಯೆ, ತನ್ನದೇ ಇ-ಮೇಲ್ ಹಾಕುತ್ತಾನೆ. ಪಾಸ್‌ವರ್ಡನ್ನು ತನ್ನ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಅಂದಿನಿಂದ ಕೆಇಎಯ ಲೆಕ್ಕದಲ್ಲಿ ಆ ಹುಡುಗಿ ಎಂದರೆ ಸೈಬರ್ ಸೆಂಟರಿನ ಫೋನು. ಆಪ್ಷನ್ ಎಂಟ್ರಿಯ ದಿನ ಅಂಗಡಿ ಮುಚ್ಚಿದ್ದರೆ, ಅಥವಾ ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬಿಟ್ಟಿದ್ದರೆ, ತನ್ನ ಸೀಟನ್ನು ತಾನೇ ಆರಿಸಿಕೊಳ್ಳಲು ಅವಳಿಗೆ ದಾರಿಯಿಲ್ಲ.

ಇದು ಬರೀ ಅನುಕೂಲದ ಪ್ರಶ್ನೆಯೂ ಅಲ್ಲ. 2024ರಲ್ಲಿ ಎಂಜಿನಿಯರಿಂಗ್ ಸೀಟುಗಳನ್ನು ‘ಬ್ಲಾಕ್’ ಮಾಡಿದ ಹಗರಣ ಬೆಳಕಿಗೆ ಬಂತು. ನವೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರ ಪೊಲೀಸರಿಗೆ ದೂರು ಹೋಯಿತು, ಡಿಸೆಂಬರ್ ಹೊತ್ತಿಗೆ ಬಂಧನಗಳಾದವು. ಬಂಧಿತರಲ್ಲಿ ಪ್ರಾಧಿಕಾರದ ಒಳಗೇ ಕೆಲಸ ಮಾಡುತ್ತಿದ್ದವರೂ ಇದ್ದರು. ಸೇರುವ ಇಚ್ಛೆಯಿಲ್ಲದ ಅಭ್ಯರ್ಥಿಗಳ ಲಾಗಿನ್ ವಿವರ ಪಡೆದು, ಅವರ ಹೆಸರಿನಲ್ಲಿ ಬೇಡಿಕೆಯಿರುವ ಸೀಟು ಆರಿಸಿ, ಕೊನೆಗೆ ಯಾರೂ ಸೇರದಂತೆ ಖಾಲಿ ಉಳಿಸಿ ಆಡಳಿತ ಮಂಡಳಿಯ ಕಡೆಗೆ ತಿರುಗಿಸುವ ವ್ಯವಹಾರ ಅದು ಎಂಬುದು ಆರೋಪ. ಕಿಟಕಿಗೆ ಎಷ್ಟು ಸರಳು ಹಾಕಿದರೂ ಪಾಸ್‌ವರ್ಡ್ ಹಂಚಿಹೋದ ಮೇಲೆ ಬಂದವನು ಕಳ್ಳನೋ ಒಡೆಯನೋ ತಾಣಕ್ಕೆ ತಿಳಿಯುವುದಿಲ್ಲ. ಅಂಥ ಒಂದು ಸೀಟು ಅರಕಲಗೂಡಿನ ಯಾವುದೋ ಹಳ್ಳಿಯ ಮಗುವಿಗೆ ಸಿಗಬೇಕಾಗಿದ್ದ ಸೀಟೂ ಆಗಿರಬಹುದು.

ಹಾಗಾದರೆ ಸೈಬರ್ ಸೆಂಟರಿಗೆ ಹೋಗಲೇಬಾರದೇ? ಹೋಗಿ, ಬೇರೆ ದಾರಿ ಎಲ್ಲರಿಗೂ ಇಲ್ಲ. ಅವನು ಟೈಪು ಮಾಡಲಿ, ಸ್ಕ್ಯಾನು ಮಾಡಲಿ. ಒಟಿಪಿಯನ್ನೂ ಪಾಸ್‌ವರ್ಡನ್ನೂ ಮಾತ್ರ ಮಗಳೇ ಕೂತು ಹಾಕಲಿ. ಹಾಕುವ ಮೊದಲು ಎರಡು ಕಡೆ ಕಣ್ಣಾಡಿಸಲಿ: ಮೆಸೇಜಿನಲ್ಲಿ ಈ ಒಟಿಪಿ ಯಾವುದಕ್ಕೆ ಎಂದು ಬರೆದಿರುತ್ತದೆ, ಮೇಲಿನ ವಿಳಾಸ ಪಟ್ಟಿಯಲ್ಲಿ ಈ ಪುಟ ಯಾರದ್ದು ಎಂದಿರುತ್ತದೆ. ಎರಡೂ ಹೊಂದಬೇಕು. ವಿಳಾಸವನ್ನು ಓದುವುದು ಬಲದಿಂದ ಎಡಕ್ಕೆ. ಮೊದಲ ಓರೆಗೆರೆಗೆ ಮುಂಚೆ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದ್ದರೆ ಅದು ಸರ್ಕಾರದ್ದು. ಆ ಅಕ್ಷರಗಳು ನಡುವೆಲ್ಲೋ ತೂರಿಕೊಂಡು, ಕೊನೆಗೆ ಇನ್ನೇನೋ ಇದ್ದರೆ ಅದು ಸರ್ಕಾರದ ವೇಷ.

ಮೊಬೈಲ್ ಸಂಖ್ಯೆಯ ಬಗ್ಗೆ ಇನ್ನೊಂದು ಮಾತು. ಹತ್ತು ವರ್ಷದ ಹಿಂದೆ ಆಧಾರಿಗೆ ಕೊಟ್ಟ ಸಿಮ್ ಈಗ ಯಾರ ಬಳಿ ಇದೆ? ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆ ರದ್ದಾಗುತ್ತದೆ, 90 ದಿನ ಕಳೆದ ಮೇಲೆ ಅದನ್ನು ಬೇರೆಯವರಿಗೆ ಕೊಡುತ್ತಾರೆ. ನಿಮ್ಮ ಒಟಿಪಿ ಆಗ ಅಪರಿಚಿತರೊಬ್ಬರ ಜೇಬಿಗೆ ಹೋಗುತ್ತದೆ. ಸಂಖ್ಯೆ ಬದಲಿಸುವ ಕೆಲಸ, ಹಾಗೆಯೇ ಮಕ್ಕಳಿಗೆ 5 ಮತ್ತು 15 ತುಂಬಿದಾಗ ಬೆರಳಚ್ಚು, ಕಣ್ಣುಪಾಪೆ ನವೀಕರಿಸುವ ಕೆಲಸ ಅರ್ಜಿಯ ಕೊನೆಯ ದಿನ ಆಗುವಂಥದ್ದಲ್ಲ. ಬೇಸಿಗೆ ರಜೆಯಲ್ಲೇ ಮುಗಿಸಿಡಿ. ವಿದ್ಯಾರ್ಥಿವೇತನ ಬರುವುದು ಆಧಾರಿಗೆ ಜೋಡಿಸಿದ ಬ್ಯಾಂಕ್ ಖಾತೆಗೆ ಎಂಬುದನ್ನೂ ಜೊತೆಗೇ ನೋಡಿಕೊಳ್ಳಿ.

ಗುರುತಿನ ಮಾತು ಬಂದಾಗ ಕನ್ನಡ ನಾಡಿನವರೇ ಆದ ಒಬ್ಬ ಹಿರಿಯರನ್ನು ಮಕ್ಕಳು ತಿಳಿದಿರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೆ ಶಾಲೆಗೆ ಸೇರಲು ಆಧಾರ್ ಕಡ್ಡಾಯ ಮಾಡುವಂತಿಲ್ಲ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಯೋಜನೆಯ ಸೌಲಭ್ಯ ತಪ್ಪಬಾರದು, ಬೇರೆ ದಾಖಲೆ ನೋಡಿ ಕೊಡಬೇಕು ಎಂದೂ ಹೇಳಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಹಂತಹಂತವಾಗಿ ಜಾರಿಗೆ ಬರುವಂಥದ್ದು. 18 ತುಂಬದವರ ಮಾಹಿತಿ ಬಳಸಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಅದನ್ನು ಪರೀಕ್ಷಿಸಿ ನೋಡುವಂತಿರಬೇಕು ಎನ್ನುತ್ತದೆ ಅದು. ಒಪ್ಪಿಗೆ ಕೊಟ್ಟವರು ನಿಜಕ್ಕೂ ದೊಡ್ಡವರೇ ಎಂದು ತಾಣಕ್ಕೆ ಹೇಗೆ ತಿಳಿಯಬೇಕು? 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಅದಕ್ಕೆ ಸೂಚಿಸುವ ದಾರಿಗಳಲ್ಲಿ ಒಂದು, ಡಿಜಿಟಲ್ ಲಾಕರಿನಂಥವರು ಕೊಡುವ ಟೋಕನ್. ಸುತ್ತಿ ಸುತ್ತಿ ಮತ್ತೆ ಅದೇ ಮೊಹರಿನ ಚೀಟಿಗೇ ಬಂದೆವು.

ಇಷ್ಟೆಲ್ಲ ಬಾಗಿಲುಗಳಲ್ಲಿ ನಿಮ್ಮ ಹೆಸರು ಹೇಳಿಕೊಂಡು ಯಾರು ಯಾರು ಹೋಗಿದ್ದಾರೆ ಎಂದು ತಿಳಿಯುವ ಕುತೂಹಲವಿದ್ದರೆ ಯುಐಡಿಎಐ ತಾಣದಲ್ಲಿ ‘ಆಥೆಂಟಿಕೇಶನ್ ಹಿಸ್ಟರಿ’ ಎಂಬ ಪುಟವಿದೆ. ಹಿಂದಿನ ಆರು ತಿಂಗಳಲ್ಲಿ ಆಧಾರಿನ ಮೂಲಕ ನಿಮ್ಮ ಗುರುತು ಯಾವಾಗ, ಯಾವ ಸಂಸ್ಥೆಯಿಂದ, ಒಟಿಪಿಯಿಂದಲೋ ಬೆರಳಿನಿಂದಲೋ ಪರೀಕ್ಷೆಯಾಯಿತು ಎಂಬುದು ಅಲ್ಲಿ ಸಿಗುತ್ತದೆ, ಒಂದು ಸಲಕ್ಕೆ 50 ದಾಖಲೆಗಳವರೆಗೆ. ಮಗಳ ಪಕ್ಕ ಕೂತು ಒಂದು ಭಾನುವಾರ ತೆರೆದು ನೋಡಿ. ಅದಕ್ಕೂ ಒಂದು ಒಟಿಪಿ ಬರುತ್ತದೆ. ಈ ಸಲ ಅದನ್ನು ಯಾರಿಗೂ ಓದಿ ಹೇಳಬೇಕಾಗಿಲ್ಲ.